ಬಾಬ್‌ಕ್ಯಾಟಿನ ಕೆಂಪು ಲೈಟ್ ಹೊತ್ತಿದಾಗ

ಕಳೆದ ವರ್ಷ ಏಪ್ರಿಲ್ ಕೊನೆಯ ವಾರ. ಪಕ್ಕದ ಮನೆ ಭಾವನ ತೋಟಕ್ಕೆ ಮಣ್ಣು ಹಾಕುವ ಕೆಲಸ ನಡೆಯುತ್ತಿತ್ತು. ನಾನು ಮಧ್ಯಾಹ್ನದ ಊಟ ಮುಗಿಸಿ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ಭಾವನ ಮಗನ ಫೋನ್ ಬಂತು. "ಮಾವ, ಬಾಬ್‌ಕ್ಯಾಟಿನ ಹಿಂದಿನಿಂದ ಹೊಗೆ ಬರ್ತಾ ಉಂಟು. ಹೊಗೆಯಾ ಆವಿಯಾ ಗೊತ್ತಾಗುದಿಲ್ಲ. ನಿಲ್ಲಿಸಿದ್ದೇನೆ. ಕೈಗೆ ಗೋಣಿ ಸುತ್ತಿ ರೇಡಿಯೇಟರ್ ಮುಚ್ಚಳ ತೆಗೀಲಾ?"

ತೆಗೆಯಬೇಡ ಅಂತ ಫೋನಿನಲ್ಲೇ ಬೊಬ್ಬೆ ಹಾಕಿದೆ. ಎಲೆ ಅಲ್ಲೇ ಬಿಟ್ಟು ಓಡಿದೆ. ಓಡುವಾಗ ಎದೆ ಹೊಡೆದುಕೊಳ್ಳುತ್ತಿದ್ದದ್ದು ಬಿಸಿಲಿಗೆ ಮಾತ್ರ ಅಲ್ಲ. ಆ ಯಂತ್ರದ ಬಗ್ಗೆ ನನಗೆ ಗೊತ್ತಿದ್ದ ಒಂದು ಸಂಗತಿ ಉಳಿದವರಿಗೆ ಗೊತ್ತಿರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಈ ಯಂತ್ರದ ಸರಿಯಾದ ಹೆಸರು ಸ್ಕಿಡ್ ಸ್ಟೀರ್ ಲೋಡರ್. ಮಣ್ಣು ತೋಡುವುದೆಲ್ಲ ಜೆಸಿಬಿ ಆದ ಹಾಗೆ, ಕಂಪೆನಿ ಯಾವುದೇ ಇರಲಿ, ಇದಕ್ಕೆ ನಮ್ಮ ಕಡೆ ಬಾಬ್‌ಕ್ಯಾಟ್ ಎಂದೇ ಹೆಸರು. ನಾಲ್ಕು ಚಕ್ರ, ಯಾವುದೂ ತಿರುಗುವುದಿಲ್ಲ. ಎಡದ ಎರಡು ಒಂದು ವೇಗದಲ್ಲಿ, ಬಲದ ಎರಡು ಇನ್ನೊಂದು ವೇಗದಲ್ಲಿ ಓಡಿ, ನೆಲದಲ್ಲಿ ಟಯರ್ ಜಾರಿಸಿಕೊಂಡು ನಿಂತಲ್ಲೇ ಸುತ್ತು ಹಾಕುತ್ತದೆ. ಟ್ರ್ಯಾಕ್ಟರ್ ಹೋಗದ ಹಟ್ಟಿಯ ಮೂಲೆಗೂ ಹೋಗುತ್ತದೆ. ಅದು ಹುಟ್ಟಿದ್ದೇ ಅಂಥ ಕೆಲಸಕ್ಕೆ. 1957ರಲ್ಲಿ ಅಮೆರಿಕದ ಮಿನ್ನೆಸೋಟದ ಕೆಲ್ಲರ್ ಸಹೋದರರು ಒಬ್ಬ ಟರ್ಕಿಕೋಳಿ ಸಾಕುವವರ ಶೆಡ್ಡಿನಿಂದ ಗೊಬ್ಬರ ಎತ್ತಲು ಮೂರು ಚಕ್ರದ ಸಣ್ಣ ಯಂತ್ರ ಮಾಡಿಕೊಟ್ಟದ್ದು ಇದರ ಮೂಲ. ಅಂದರೆ ಸೆಗಣಿ ಪುಡಿಯ ಧೂಳು ಇದರ ಹಣೆಯಲ್ಲೇ ಬರೆದಿದೆ.

ನಮ್ಮದು ಹಳೆಯದು. ಭಾವ, ಕೆಳಗಿನ ಮನೆ ಅಣ್ಣ, ನಾನು, ಮೂರು ಮನೆಯವರು ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ತೆಗೆದದ್ದು. ಹಟ್ಟಿಗೊಬ್ಬರ ಎತ್ತಲು, ಗುಡ್ಡೆಯಿಂದ ಮುರ ಮಣ್ಣು ತರಲು, ಅಡಿಕೆ ಸಿಪ್ಪೆ ರಾಶಿ ಮಾಡಲು. ತೋಟದ ಒಳಗೆ ಕಣಿಗಳಿರುವ ಕಾರಣ ಇಳಿಸುವುದಿಲ್ಲ, ಬದಿಯ ದಾರಿಯವರೆಗೆ ಮಾತ್ರ. ಇಂಜಿನ್ ಡ್ರೈವರ್‌ನ ಬೆನ್ನ ಹಿಂದೆ. ಬಿಸಿ ತೋರಿಸುವ ಮುಳ್ಳಿನ ಮೀಟರ್ ಇಲ್ಲ. ಇರುವುದು ಒಂದೇ ಒಂದು ಕೆಂಪು ಲೈಟ್.

ಆ ಲೈಟಿನ ವಯರನ್ನು ನಾನು ಮಾರ್ಚಿಯಲ್ಲಿ ಕತ್ತರಿಸಿ ಹಾಕಿಸಿದ್ದೆ.

ಆದದ್ದು ಹೀಗೆ. ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡಿ ಎರಡು ನಿಮಿಷ ಆಗಿಲ್ಲ, ಲೈಟ್ ಹೊತ್ತಿತು. ಇಂಜಿನ್ ಮೇಲೆ ಕೈ ಇಟ್ಟರೆ ತಣ್ಣಗೆ. ಪೇಟೆಯಿಂದ ಬಂದ ಇಲೆಕ್ಟ್ರಿಷಿಯನ್ ಸ್ವಿಚ್ಚಿನ ವಯರ್ ಎಳೆದ. ಆದರೂ ಲೈಟ್ ಹೋಗಲಿಲ್ಲ. "ವಯರ್ ಎಲ್ಲೋ ಬಾಡಿಗೆ ತಾಗ್ತಾ ಉಂಟು, ಹುಡುಕಬೇಕಾದರೆ ಕ್ಯಾಬಿನ್ ಎತ್ತಬೇಕು, ಅರ್ಧ ದಿನದ ಕೆಲಸ" ಅಂದ. ನನಗೆ ಅಂದು ಹತ್ತು ಲೋಡು ಗೊಬ್ಬರ ಸಾಗಿಸಲಿಕ್ಕಿತ್ತು. ಸದ್ಯಕ್ಕೆ ಕತ್ತರಿಸಿ ಬಿಡು, ಮತ್ತೆ ನೋಡುವ ಅಂದೆ. ಕತ್ತರಿಸಿ ಟೇಪ್ ಸುತ್ತಿದ. ಆ "ಮತ್ತೆ" ಬರಲೇ ಇಲ್ಲ. ಭಾವನಿಗೂ ಅಣ್ಣನಿಗೂ ಹೇಳಲು ಮರೆತೆ ಅಂತ ಬರೆದರೆ ಅರ್ಧ ಸುಳ್ಳಾಗುತ್ತದೆ. ಮೊದಲ ವಾರ ಮರೆತೆ, ಆಮೇಲೆ ಹೇಳಲು ಸಂಕೋಚವಾಯಿತು.

ಭಾವನ ಮಗನ ಕೈಯಲ್ಲಿ ಯಂತ್ರ ಕುದಿದ ಮರುದಿನ ಒಬ್ಬರು ಮೆಕ್ಯಾನಿಕ್ ಬಂದರು. ಹತ್ತು ನಿಮಿಷ ನೋಡಿ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಇಳಿಸಬೇಕು, ಎಲ್ಲ ಸೇರಿ 95,000 ರೂಪಾಯಿ ಆದೀತು ಅಂದರು. ಪತ್ತನಾಜೆಗೆ ಇನ್ನು ನಾಲ್ಕು ವಾರವೂ ಇಲ್ಲ. ಮಳೆ ಹಿಡಿದರೆ ಮಣ್ಣು ಹಾಕುವ ಕೆಲಸ ಮುಂದಿನ ವರ್ಷಕ್ಕೆ.

ಸಂಜೆ ಮೂರು ಮನೆಯವರೂ ಭಾವನ ಅಂಗಳದಲ್ಲಿ ಸೇರಿದೆವು. ಅಣ್ಣ ನೇರ ಮಾತಿನವ. "ಹುಡುಗನಿಗೆ ಎಕ್ಸಲೇಟರ್ ಬಿಟ್ಟು ಗೊತ್ತಿಲ್ಲ. ಯಾರ ಕೈಯಲ್ಲಿ ಹಾಳಾಯ್ತೋ ಆ ಮನೆಯವರೇ ಕೊಡಲಿ" ಅಂದ. ಭಾವ ಮಾತಾಡಲಿಲ್ಲ. ಹುಡುಗ ತಲೆ ಬಗ್ಗಿಸಿದ. ನಾನೂ ಮಾತಾಡಲಿಲ್ಲ.

ಎರಡನೆಯವರ ಅಭಿಪ್ರಾಯ ಕೇಳುವ ಅಂತ ಭಾವ ಕರೆಸಿದ್ದು ನಮ್ಮೂರಿನ ಹಿರಿಯ ಮೇಸ್ತ್ರಿಯವರನ್ನು. ಬಸ್ ಡಿಪೋದಲ್ಲಿ ಇಡೀ ಆಯುಷ್ಯ ಡೀಸೆಲ್ ಇಂಜಿನ್ ಬಿಚ್ಚಿ ನಿವೃತ್ತಿ ಆದವರು. ಬಾಬ್‌ಕ್ಯಾಟ್ ಮುಟ್ಟಿದ್ದು ಕಡಿಮೆ. "ಇಂಜಿನ್ ಇಂಜಿನ್ನೇ ಅಲ್ವಾ" ಅಂತ ಬಂದರು. ಸ್ಪ್ಯಾನರ್ ತೆಗೆಯಲಿಲ್ಲ. ಒಂದು ಕಲ್ಲಿನ ಮೇಲೆ ಕೂತು ಹುಡುಗನನ್ನು ಕೇಳಿದರು: "ಲೈಟ್ ಯಾವಾಗ ಹೊತ್ತಿತು ಮಗಾ?"

"ಹೊತ್ತಲೇ ಇಲ್ಲ."

"ಕುದಿಯುವವರೆಗೆ ಹೊತ್ತಲಿಲ್ಲವಾ? ಕೀ ತಿರುಗಿಸುವಾಗ?"

"ಆಗಲೂ ಇಲ್ಲ. ಅದು ಮೊದಲಿಂದಲೂ ಹೊತ್ತುದಿಲ್ಲ ಅಂತ ಮಾಡಿದ್ದೆ."

ಇನ್ನು ಬಾಯಿ ಮುಚ್ಚಿ ಕೂರುವ ಹಾಗಿರಲಿಲ್ಲ. ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೇಸ್ತ್ರಿಯವರು ಮಾತ್ರ "ಹಾಗಾದರೆ ಹುಡುಗನ ತಪ್ಪು ಎಂತದೂ ಇಲ್ಲ, ನಾಳೆ ಬೆಳಿಗ್ಗೆ ತಣ್ಣಗಿರುವಾಗ ಶುರು ಮಾಡುವ" ಅಂತ ಎದ್ದರು.

ಮರುದಿನ ನಡೆದದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಟ್ರ್ಯಾಕ್ಟರ್, ಟಿಲ್ಲರ್, ನೀರಿನಿಂದ ತಣಿಯುವ ಡೀಸೆಲ್ ಪಂಪು ಇರುವವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಲೈಟ್ ಯಾವಾಗ ಬಂತು ಎಂಬುದೇ ಅರ್ಧ ಉತ್ತರ ಅಂತ ಮೇಸ್ತ್ರಿಯವರ ಲೆಕ್ಕ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆದ ಕೂಡಲೇ ಬಂದರೆ ವಯರ್ ಅಥವಾ ಸ್ವಿಚ್. ಸುಮ್ಮನೆ ನಿಂತು ಓಡುವಾಗಲೂ ಸ್ವಲ್ಪ ಹೊತ್ತಿನಲ್ಲಿ ಬಂದರೆ ನೀರು ಕಡಿಮೆ, ಬೆಲ್ಟ್, ಥರ್ಮೋಸ್ಟಾಟ್ ಅಥವಾ ವಾಟರ್ ಪಂಪ್. ಬ್ಯಾಟರಿ ಲೈಟ್ ಜೊತೆಯಲ್ಲೇ ಬಂದರೆ ಬೆಲ್ಟ್ ತುಂಡಾಗಿದೆ ಅಂತಲೇ ತಿಳಿಯಬೇಕು, ಯಾಕೆಂದರೆ ನಮ್ಮಂಥ ಇಂಜಿನ್‌ಗಳಲ್ಲಿ ಡೈನಮೋ, ವಾಟರ್ ಪಂಪ್ ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್. ಹಗುರ ಕೆಲಸದಲ್ಲಿ ಬಾರದೆ ಭಾರ ಎಳೆಯುವಾಗ ಮಾತ್ರ ಬಂದರೆ ರೇಡಿಯೇಟರಿಗೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಹೈಡ್ರಾಲಿಕ್ ಎಣ್ಣೆ ಬಿಸಿಯಾಗುತ್ತಿದೆ.

ಮೊದಲು ನೀರು ನೋಡಿದ್ದು. ಬದಿಯ ಪ್ಲಾಸ್ಟಿಕ್ ಬಾಟಲಿಯಲ್ಲಿ ಗೆರೆಯವರೆಗೆ ನೀರಿತ್ತು. ನಾವು ಮೂರು ಮನೆಯವರೂ ದಿನಾ ನೋಡುತ್ತಿದ್ದದ್ದು ಇದನ್ನೇ. ರೇಡಿಯೇಟರಿನ ಮುಚ್ಚಳ ತೆಗೆದರೆ ಒಳಗೆ ನೀರೇ ಕಾಣುವುದಿಲ್ಲ! ತುಂಬಿಸಲು 3 ಲೀಟರ್ ಹತ್ತಿರ ಬೇಕಾಯಿತು. ಬಾಟಲಿಯಲ್ಲಿದ್ದು ರೇಡಿಯೇಟರಿನಲ್ಲಿ ಇಲ್ಲದ್ದು ಹೇಗೆ? ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಬಿಸಿಯಾದಾಗ ಉಬ್ಬಿದ ನೀರು ಬಾಟಲಿಗೆ ಹೋಗುತ್ತದೆ, ತಣಿಯುವಾಗ ರೇಡಿಯೇಟರ್ ಅದನ್ನು ವಾಪಸು ಹೀರಿಕೊಳ್ಳಬೇಕು. ರಬ್ಬರ್ ಹೋದರೆ ನೀರಿನ ಬದಲು ಗಾಳಿ ಹೀರುತ್ತದೆ.

ಆ ಮುಚ್ಚಳಕ್ಕೆ ಇನ್ನೊಂದು ಕೆಲಸವೂ ಉಂಟು. ಒಳಗೆ ಒತ್ತಡ ಹಿಡಿದಿಡುವುದು. 0.9 ಬಾರ್ ಒತ್ತಡದ ಮುಚ್ಚಳ ಇದ್ದರೆ ಬರೀ ನೀರು ಕೂಡ 100ರಲ್ಲಿ ಅಲ್ಲ, ಸುಮಾರು 118 ಡಿಗ್ರಿಯಲ್ಲಿ ಕುದಿಯುತ್ತದೆ. ಬಿಸಿ ಇರುವಾಗ ಮುಚ್ಚಳ ತೆಗೆಯಬಾರದು ಅನ್ನುವುದು ಇದಕ್ಕೇ. ಒತ್ತಡ ಹೋದ ಕ್ಷಣ 110 ಡಿಗ್ರಿಯ ನೀರು ಒಮ್ಮೆಲೇ ಆವಿಯಾಗಿ ಮುಖಕ್ಕೆ ಹಾರುತ್ತದೆ. ಗೋಣಿ ಅದನ್ನು ತಡೆಯುವುದಿಲ್ಲ. ಮೇಲಿನ ಹೋಸನ್ನು ಕೈಯಲ್ಲಿ ಹಿಚುಕಿ ನೋಡಿ, ಮೆತ್ತಗೂ ತಣ್ಣಗೂ ಇದ್ದರೆ ಮಾತ್ರ ತೆಗೆಯಿರಿ. ಕಾದ ಇಂಜಿನ್‌ಗೆ ತಣ್ಣೀರು ಹೊಯ್ಯುವುದೂ ಬೇಡ, ಹೆಡ್ ಬಿರುಕು ಬಿಡುತ್ತದೆ.

ಇಳಿಸಿದ ಹಳೇ ನೀರು ಕಪ್ಪು ಚಾ ಇದ್ದ ಹಾಗಿತ್ತು. ಕಡಿಮೆಯಾದಾಗಲೆಲ್ಲ ನಾವು ತೋಡಿನ ನೀರು ಹಾಕುತ್ತಿದ್ದೆವು. ಈಗ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಸಮ ಸೇರಿಸಿ ಹಾಕುತ್ತೇವೆ. ಚಳಿ ಇಲ್ಲದ ನಮ್ಮೂರಿಗೆ ಕೂಲಂಟ್ ಯಾಕೆ ಅಂತ ನಾನೂ ಕೇಳಿದ್ದೆ. ಅದರಲ್ಲಿ ತುಕ್ಕು ತಡೆಯುವ ಮದ್ದು ಉಂಟು, ಕುದಿಯುವ ಬಿಸಿಯನ್ನೂ ಅದು ಮೇಲಕ್ಕೆ ಏರಿಸುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಇರುವ ಊರಿನವರಂತೂ ಆ ನೀರನ್ನು ಹಾಕಲೇ ಬಾರದು, ಚಾ ಪಾತ್ರೆಯ ತಳದಲ್ಲಿ ಕಟ್ಟುವ ಸುಣ್ಣ ಇಂಜಿನ್ನಿನ ಒಳಗೂ ಕಟ್ಟುತ್ತದೆ. ಒಂದು ಎಚ್ಚರಿಕೆ: ಕೂಲಂಟ್ ಸಿಹಿ, ಆದರೆ ವಿಷ. ಇಳಿಸಿದ್ದನ್ನು ತೆರೆದ ಬಾಲ್ದಿಯಲ್ಲಿ ಅಂಗಳದಲ್ಲಿ ಬಿಟ್ಟರೆ ನಾಯಿ, ಕರು ನೆಕ್ಕಿ ಸತ್ತಾವು.

ನಮ್ಮ ನಿಜವಾದ ಹೆದರಿಕೆ ಹೆಡ್ ಗ್ಯಾಸ್ಕೆಟ್‌ನದ್ದು. ಎಣ್ಣೆ ನೋಡುವ ಕಡ್ಡಿ ಎಳೆದರು. ಹಾಲು ಕಲಸಿದ ಹಾಗೆ ಬಿಳಿ ಇರಲಿಲ್ಲ. ರೇಡಿಯೇಟರ್ ಕತ್ತಿನವರೆಗೆ ತುಂಬಿಸಿ, ಮುಚ್ಚಳ ಹಾಕದೆ, ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ನಿಧಾನಕ್ಕೆ ಓಡಲು ಬಿಟ್ಟರು. ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗಿ ಗುಳ್ಳೆ ಬರುತ್ತಲೇ ಇರುತ್ತದೆ, ನೀರು ಉಕ್ಕಿ ಹೊರಗೆ ಚೆಲ್ಲುತ್ತದೆ. ಮೊದಲು ನಾಲ್ಕೈದು ಗುಳ್ಳೆ ಬಂತು. ಅಣ್ಣ "ಹೋಯ್ತು" ಅಂದ. "ನಿಲ್ಲಿ ಮಾರಾಯ್ರೆ, ಅದು ತುಂಬಿಸುವಾಗ ಸಿಕ್ಕಿಬಿದ್ದ ಗಾಳಿ" ಅಂದರು ಮೇಸ್ತ್ರಿಯವರು. ಒಂದು ನಿಮಿಷ, ಎರಡು ನಿಮಿಷ. ಗುಳ್ಳೆ ನಿಂತಿತು. ನಾಲ್ಕು ತಲೆ ಒಂದು ತೂತನ್ನು ನೋಡುತ್ತಾ ನಿಂತ ಆ ಎರಡು ನಿಮಿಷ ನನಗೆ ಈಗಲೂ ನೆನಪಿದೆ. ಬಿಸಿ ಏರುವ ಮೊದಲೇ ಬಂದ್ ಮಾಡಿದರು. ಈ ಪರೀಕ್ಷೆ ತಣ್ಣಗಿನ ಇಂಜಿನ್ನಿಗೆ ಮಾತ್ರ.

95,000ದ ಮಾತು ಅಲ್ಲಿಗೆ ಮುಗಿಯಿತು. ಆದರೆ ಕುದಿದದ್ದು ಯಾಕೆ? ನೀರು ಕಡಿಮೆ ಇದ್ದದ್ದು ಒಂದು ಕಾರಣ, ಪೂರ್ತಿ ಅಲ್ಲ ಅಂದರು.

ಬೆಲ್ಟಿನ ಉದ್ದದ ಭಾಗವನ್ನು ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಬಗ್ಗಿದರೆ ಸರಿ. ನಮ್ಮದು ಒಂದೂಕಾಲು ಇಂಚು ಬಗ್ಗಿತು, ಬದಿಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಅಂಥ ಬೆಲ್ಟ್ ಬಿಗಿ ಮಾಡಿದರೂ ಜಾರುತ್ತದೆ, ಬದಲಿಸಬೇಕು. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಅಲ್ಲಿಂದ ನೀರು ಒಸರಿದ ಕಲೆ ಇದ್ದರೆ ಪಂಪಿನ ಸೀಲ್ ಹೋಗಿದೆ ಎಂದರ್ಥ. ಅದು ಒಣಗಿತ್ತು.

ಆಮೇಲೆ ರೇಡಿಯೇಟರ್. ಹಿಂದಿನ ಬಾಗಿಲು ತೆಗೆದರೆ ಎದುರಿಗೆ ಜಾಳಿಗೆ, ಕ್ಲೀನ್ ಆಗಿಯೇ ಇತ್ತು. ಅದನ್ನು ಹುಡುಗ ದಿನಾ ಸಂಜೆ ಗುಡಿಸುತ್ತಾನೆ. "ಇದು ಕ್ಲೀನ್ ಉಂಟಲ್ಲ" ಅಂದ ಭಾವ. ಮೇಸ್ತ್ರಿಯವರು ಇಂಜಿನ್ ಸ್ಟಾರ್ಟ್ ಮಾಡಿಸಿ, ಒಂದು ಹಳೇ ಪೇಪರಿನ ಹಾಳೆಯನ್ನು ಹೊರಗಿನ ಜಾಳಿಗೆಗೆ ಹಿಡಿದರು. ಕೆಲವು ಯಂತ್ರಗಳಲ್ಲಿ ಫ್ಯಾನ್ ಗಾಳಿಯನ್ನು ಹಿಂದಕ್ಕೆ ದೂಡುತ್ತದೆ, ಕೆಲವದರಲ್ಲಿ ಹಿಂದಿನಿಂದ ಒಳಗೆ ಎಳೆಯುತ್ತದೆ. ಎಳೆಯುವುದಾದರೆ ಹಾಳೆ ಗಟ್ಟಿಯಾಗಿ ಅಂಟಿಕೊಳ್ಳಬೇಕು. ನಮ್ಮದು ಎಳೆಯುವ ಜಾತಿ. ಹಾಳೆ ಅಂಟಿದ ಹಾಗೆ ಮಾಡಿ ಕೆಳಗೆ ಜಾರಿ ಬಿತ್ತು. ಗಾಳಿಯೇ ಇಲ್ಲ!

ಇಲ್ಲಿ ಬಾಬ್‌ಕ್ಯಾಟಿನ ಗುಟ್ಟು ಉಂಟು. ಈ ಯಂತ್ರ ಓಡುವುದೂ ಎತ್ತುವುದೂ ಎರಡೂ ಹೈಡ್ರಾಲಿಕ್ ಎಣ್ಣೆಯಿಂದ. ಆ ಎಣ್ಣೆಯನ್ನು ತಣಿಸಲು ಇನ್ನೊಂದು ಕೂಲರ್ ಬೇಕು. ನಮ್ಮದರಲ್ಲಿ ಅದು ರೇಡಿಯೇಟರಿನ ಎದುರಿಗೆ, ಒಂದಕ್ಕೊಂದು ಬೆನ್ನು ತಾಗುವಷ್ಟು ಹತ್ತಿರ ಕೂತಿದೆ. ಎಣ್ಣೆ ಕೂಲರಿನ ಎಸಳುಗಳು ದೂರ ದೂರ, ರೇಡಿಯೇಟರಿನದ್ದು ಒತ್ತೊತ್ತಾಗಿ. ಮೊದಲನೆಯದನ್ನು ದಾಟಿದ ಕಸ ಎರಡನೆಯದರಲ್ಲಿ ಸಿಕ್ಕಿಬೀಳುತ್ತದೆ. ಹೊರಗಿನಿಂದ ಎಷ್ಟು ಗುಡಿಸಿದರೂ ಕಾಣುವುದಿಲ್ಲ.

ಎರಡು ಬೋಲ್ಟ್ ಬಿಚ್ಚಿ ಎಣ್ಣೆ ಕೂಲರನ್ನು ಬಾಗಿಲಿನ ಹಾಗೆ ಹೊರಗೆ ತಿರುಗಿಸಿದಾಗ ನಮಗೆ ಮಾತೇ ಬರಲಿಲ್ಲ. ಎರಡರ ನಡುವೆ ಒಂದು ಕಂಬಳಿ ಇತ್ತು. ಕಂಬಳಿ ಅಂದರೆ ಕಂಬಳಿಯೇ. ಸೆಗಣಿ ಪುಡಿ, ಅಡಿಕೆ ಸಿಪ್ಪೆಯ ನಾರು, ತರಗೆಲೆ ಚೂರು, ಮುರ ಮಣ್ಣಿನ ಕೆಂಪು ಧೂಳು ಎಲ್ಲ ಸೇರಿ ಅರ್ಧ ಇಂಚು ದಪ್ಪಕ್ಕೆ ಒತ್ತಿಕೊಂಡಿತ್ತು. ಅಂಚು ಹಿಡಿದು ಎಳೆದರೆ ಒಂದೇ ತುಂಡಾಗಿ ಬಂತು. ಅಷ್ಟು ಗಟ್ಟಿಯಾಗಲು ಕಾರಣ ಕೂಲರಿನ ಹೋಸ್ ಜಾಯಿಂಟಿನಲ್ಲಿ ಒಸರುತ್ತಿದ್ದ ಎಣ್ಣೆ. ಎಣ್ಣೆಗೆ ಧೂಳು ಅಂಟಿ, ಧೂಳಿಗೆ ನಾರು ಅಂಟಿ, ನಾವು ಯಂತ್ರ ತೆಗೆದ ದಿನದಿಂದಲೂ ಬೆಳೆದಿರಬೇಕು. ಬಹುಶಃ ಅದಕ್ಕೂ ಮೊದಲಿಂದ.

ಅಣ್ಣ ಕಂಪ್ರೆಸರ್ ತಂದ. ನಾನು ಮದ್ದು ಬಿಡುವ ಪಂಪಿನಲ್ಲಿ ನೀರು ಹೊಡೆಯುವ ಅಂತ ಹೊರಟೆ. ಮೇಸ್ತ್ರಿಯವರು ತಡೆದರು. ಒಣ ಸೆಗಣಿಗೆ ನೀರು ಬಿದ್ದರೆ ನೆಲ ಸಾರಿಸಿದ ಹಾಗೆ ಎಸಳಿನ ಒಳಗೆ ಕೂತು ಬಿಡುತ್ತದೆ. ಮೊದಲು ಒಣ ಗಾಳಿ, ಅದೂ ಕಸ ಬಂದ ದಿಕ್ಕಿಗೆ ವಿರುದ್ಧವಾಗಿ, ಅಂದರೆ ನಮ್ಮದರಲ್ಲಿ ಫ್ಯಾನಿನ ಬದಿಯಿಂದ ಹೊರಕ್ಕೆ. ಕಡಿಮೆ ಒತ್ತಡ, ನೇರವಾಗಿ. ಓರೆ ಹೊಡೆದರೆ, ಜೋರು ಹೊಡೆದರೆ ಎಸಳು ಮಡಚಿ ದಾರಿ ಖಾಯಂ ಬಂದ್. ಎಣ್ಣೆ ಜಿಡ್ಡಿಗೆ ಮಾತ್ರ ಕೊನೆಗೆ ಸೋಪಿನ ನೀರು, ಇಂಜಿನ್ ತಣ್ಣಗಿರುವಾಗ. ಈ ಕೆಲಸಕ್ಕೇ ಎರಡು ಗಂಟೆ ಹೋಯಿತು. ಮತ್ತೆ ಹಾಳೆ ಹಿಡಿದರೆ ಟಪ್ ಅಂತ ಅಂಟಿತು. ಹುಡುಗ ಅದನ್ನೇ ನಾಲ್ಕು ಸಲ ಮಾಡಿ ನೋಡಿದ.

ಥರ್ಮೋಸ್ಟಾಟನ್ನೂ ಬಿಚ್ಚಿದರು. ಮನೆಯಿಂದ ಸಾರಿನ ಪಾತ್ರೆ ತಂದು, ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಒಲೆ ಹೊತ್ತಿಸಿದೆವು. (ಆ ಪಾತ್ರೆಗೆ ಮತ್ತೆ ಅಡಿಗೆಮನೆಗೆ ಪ್ರವೇಶ ಸಿಗಲಿಲ್ಲ.) ಅದರ ಮೇಲೆ 82 ಅಂತ ಒತ್ತಿದ್ದರು. 82ರ ಹತ್ತಿರ ಬಾಯಿ ಬಿಡಲು ಶುರು ಮಾಡಿ, 95 ಆಗುವಾಗ ಪೂರ್ತಿ ತೆರೆದಿತ್ತು. ಸರಿಯಾಗಿಯೇ ಇತ್ತು. "ನಮ್ಮ ಸೆಕೆಗೆ ಇದು ಬೇಡ, ತೆಗೆದು ಬಿಸಾಡಿ" ಅಂತ ಹೇಳುವ ಮೆಕ್ಯಾನಿಕ್‌ಗಳು ಬಹಳ. ಬಿಸಾಡಬೇಡಿ. ಅದಿಲ್ಲದಿದ್ದರೆ ಬೆಳಿಗ್ಗೆ ಇಂಜಿನ್ ಬಿಸಿಯಾಗಲು ತಡವಾಗಿ ಸವೆಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ನೀರು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಸುತ್ತಿ ಇನ್ನೂ ಹೆಚ್ಚು ಕಾಯುತ್ತದೆ.

ಕೊನೆಗೆ ವಯರ್. ಕ್ಯಾಬಿನ್ ಎತ್ತುವ ಮೊದಲು ಬಕೆಟನ್ನು ನೆಲಕ್ಕೆ ಪೂರ್ತಿ ಇಳಿಸಿ, ಎತ್ತಿದ ಮೇಲೆ ಲಾಕ್ ಬಿದ್ದಿದೆಯಾ ಅಂತ ಕೈಯಾರೆ ನೋಡಿಯೇ ತಲೆ ಒಳಗೆ ಹಾಕಬೇಕು. ಕ್ಯಾಬಿನ್ನಿನ ಅಂಚು ಕೂರುವಲ್ಲಿ ವಯರಿನ ತೊಗಲು ಸವೆದು ತಂತಿ ಹೊಳೆಯುತ್ತಿತ್ತು. ಎರಡು ಅಡಿ ಹೊಸ ವಯರ್, ಮೇಲಿಂದ ಒಂದು ತುಂಡು ಪ್ಲಾಸ್ಟಿಕ್ ಪೈಪು. ಇಪ್ಪತ್ತೈದು ನಿಮಿಷ.

ಲೈಟ್ ಸುಳ್ಳೋ ನಿಜವೋ ಅಂತ ನೋಡುವ ಕ್ರಮವನ್ನು ಅವರು ಹುಡುಗನ ಕೈಯಲ್ಲೇ ಮಾಡಿಸಿದರು. ಇಂಜಿನ್ ಬಂದ್, ಕೀ ಮಾತ್ರ ಆನ್. ಸ್ವಿಚ್ಚಿನಿಂದ ವಯರ್ ಎಳೆದು ತುದಿಯನ್ನು ಇಂಜಿನ್ ಬಾಡಿಗೆ ತಾಗಿಸಿದರೆ ಲೈಟ್ ಹೊತ್ತಬೇಕು. ಹೊತ್ತದಿದ್ದರೆ ಬಲ್ಬ್, ಫ್ಯೂಸ್ ಅಥವಾ ವಯರ್ ಹೋಗಿದೆ. ಗಾಳಿಯಲ್ಲಿ ಹಿಡಿದರೆ ಆರಬೇಕು. ಆರದಿದ್ದರೆ ವಯರ್ ಎಲ್ಲೋ ತಾಗುತ್ತಿದೆ. ಆರಿದರೆ ಎರಡರಲ್ಲಿ ಒಂದು: ಸ್ವಿಚ್ ಹಾಳು, ಇಲ್ಲವೇ ಇಂಜಿನ್ ನಿಜವಾಗಿ ಕಾದಿದೆ. ಕಾದಿದೆ ಅಂತಲೇ ತಿಳಿದು ಮುಂದೆ ಹುಡುಕಬೇಕು. ಇದು ಒಂದೇ ವಯರಿನ ಹಳೇ ಸ್ವಿಚ್ಚಿಗೆ ಹೇಳಿದ್ದು. ಕಂಪ್ಯೂಟರ್ ಇರುವ ಹೊಸ ಯಂತ್ರಗಳ ವಯರನ್ನು ಹೀಗೆ ಬಾಡಿಗೆ ತಾಗಿಸಬೇಡಿ.

ಲೈಟ್ ಸರಿಯಿದ್ದರೂ ಪೂರ್ತಿ ನಂಬುವ ಹಾಗಿಲ್ಲ. ನೀರು ಸ್ವಿಚ್ಚಿಗಿಂತ ಕೆಳಗೆ ಇಳಿದಿದ್ದರೆ ಸ್ವಿಚ್ ಗಾಳಿಯಲ್ಲಿ ನೇತಾಡುತ್ತಾ ಇರುತ್ತದೆ, ಇಂಜಿನ್ ಬೇಯುತ್ತಿದ್ದರೂ ಅದಕ್ಕೆ ತಡವಾಗಿ ಗೊತ್ತಾಗುತ್ತದೆ. ಅಂದು ನಮ್ಮ ವಯರ್ ಸರಿ ಇದ್ದಿದ್ದರೂ ಲೈಟ್ ಬೇಗ ಹೊತ್ತುತ್ತಿತ್ತು ಅಂತ ಆಣೆ ಹಾಕಲಾರೆ. ಅಣ್ಣನ ಎದುರು ಹೀಗೆ ಹೇಳಿಲ್ಲ, ನೆಪ ಹುಡುಕುತ್ತಿದ್ದೇನೆ ಅಂದುಕೊಂಡಾನು.

ಮುಚ್ಚಳ, ಬೆಲ್ಟ್, ಕೂಲಂಟ್, ವಯರ್, ಮೇಸ್ತ್ರಿಯವರ ಎರಡು ದಿನದ ಸಂಬಳ, ಎಲ್ಲ ಸೇರಿ 4,650 ರೂಪಾಯಿ. ನಾನೇ ಕೊಟ್ಟೆ. ಬೇಡ ಅಂತ ಭಾವ ಒಂದು ಸಲ ಹೇಳಿದ. ಅಣ್ಣ ಹೇಳಲಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ಚಂದ ಇತ್ತು. ಎಂಟು ದಿನ ಕಳೆದು, ಮಧ್ಯಾಹ್ನ ಮೂರು ಗಂಟೆಗೆ, ಗುಡ್ಡೆಯಲ್ಲಿ ನಾನೇ ಮುರ ಮಣ್ಣು ತುಂಬುತ್ತಿರುವಾಗ ಲೈಟ್ ಹೊತ್ತಿತು. ಈ ಸಲ ಕಲಿತದ್ದನ್ನು ಮಾಡಿದೆ. ಬಕೆಟ್ ಇಳಿಸಿ, ಕೆಲಸ ನಿಲ್ಲಿಸಿ, ಇಂಜಿನ್ ಬಂದ್ ಮಾಡದೆ ನಿಧಾನಕ್ಕೆ ಓಡಲು ಬಿಟ್ಟೆ. ಹಿಂದೆ ಹೋಗಿ ನೋಡಿದೆ: ಆವಿ ಇಲ್ಲ, ಬೆಲ್ಟ್ ಉಂಟು, ಎಲ್ಲೂ ನೀರು ಸುರಿಯುತ್ತಿಲ್ಲ. ಹಾಗಿದ್ದರೆ ಓಡುವುದೇ ಒಳ್ಳೆಯದು, ಪಂಪು ಫ್ಯಾನು ಸೇರಿ ಬಿಸಿ ಹೊರಗೆ ಹಾಕುತ್ತವೆ. ಒಮ್ಮೆಲೇ ನಿಲ್ಲಿಸಿದರೆ ಒಳಗಿನ ಬಿಸಿ ಅಲ್ಲೇ ನಿಂತು ಕುದಿಯುತ್ತದೆ. ಆದರೆ ಆವಿ ಬರುತ್ತಿದ್ದರೆ, ಬೆಲ್ಟ್ ತುಂಡಾಗಿದ್ದರೆ, ಹೋಸ್ ಒಡೆದಿದ್ದರೆ ಒಂದು ಕ್ಷಣವೂ ಓಡಿಸಬಾರದು. ಮೂರು ನಿಮಿಷದಲ್ಲಿ ಲೈಟ್ ಆರಿತು. ಮತ್ತೆ ಮಣ್ಣಿಗೆ ಹೋದೆ, ಕಾಲು ಗಂಟೆಯಲ್ಲಿ ಮತ್ತೆ ಹೊತ್ತಿತು.

ಅಷ್ಟರಲ್ಲಿ ಹುಡುಗ ದೂರದಿಂದ ಬಿಸಿ ನೋಡುವ ಪಿಸ್ತೂಲಿನಂಥ ಥರ್ಮಾಮೀಟರ್ ತರಿಸಿದ್ದ. ಸಾವಿರ ರೂಪಾಯಿ ಚಿಲ್ಲರೆ. ಕಪ್ಪು ರಬ್ಬರಿಗೆ ಹಿಡಿದರೆ ಲೆಕ್ಕ ಸರಿ ಬರುತ್ತದೆ, ಹೊಳೆಯುವ ಲೋಹಕ್ಕೆ ಹಿಡಿದರೆ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಅಲ್ಲಿ ಒಂದು ತುಂಡು ಕಪ್ಪು ಟೇಪ್ ಹಚ್ಚಿ ಅದಕ್ಕೆ ಹಿಡಿಯಬೇಕು. ರೇಡಿಯೇಟರಿನ ಮೇಲಿನ ಹೋಸು, ಕೆಳಗಿನ ಹೋಸು ನೋಡಿದೆವು, ನೀರು ಸುತ್ತುತ್ತಿದೆ. ಹೈಡ್ರಾಲಿಕ್ ಎಣ್ಣೆಯ ಹೋಸಿಗೆ ಹಿಡಿದರೆ 98! ಆ ಬಿಸಿಯನ್ನು ಹೊತ್ತ ಗಾಳಿಯೇ ಹಿಂದಿನ ರೇಡಿಯೇಟರಿಗೆ ಹೋಗಬೇಕು, ಅದು ತಣಿಸುವುದಾದರೂ ಏನು?

ಎಣ್ಣೆ ನೋಡಿದರೆ ಮಟ್ಟಕ್ಕಿಂತ ಕೆಳಗೆ, ಒಸರಿ ಹೋದದ್ದು. ಆದರೆ ದೊಡ್ಡ ತಪ್ಪು ನನ್ನ ಕೈಯದ್ದು. ನಾನು ಬಕೆಟನ್ನು ಗಟ್ಟಿ ದರೆಗೆ ಒತ್ತಿ, ಚಕ್ರ ನಿಂತರೂ ಲಿವರ್ ಬಿಡದೆ ದೂಡುತ್ತಿದ್ದೆ. ಆಗ ಕೀಂಯ್ ಅಂತ ಒಂದು ಶಬ್ದ ಬರುತ್ತದೆ, ಇಂಜಿನ್ ನರಳುತ್ತದೆ. ಒತ್ತಡ ತಾಳದೆ ಎಣ್ಣೆ ರಿಲೀಫ್ ವಾಲ್ವಿನಿಂದ ನುಗ್ಗುವ ಶಬ್ದ ಅದು. ಇಂಜಿನ್ನಿನ ಶಕ್ತಿ ಒಂದು ಬುಟ್ಟಿ ಮಣ್ಣನ್ನೂ ಎತ್ತದೆ ಬರೀ ಬಿಸಿಯಾಗಿ ಎಣ್ಣೆಗೆ ಸೇರುತ್ತದೆ. ಎಕ್ಸಲೇಟರ್ ಬಿಡಲು ಗೊತ್ತಿಲ್ಲ ಅಂತ ಅಣ್ಣ ಬೈದ ಹುಡುಗ ಹಾಗೆ ದೂಡುತ್ತಿರಲಿಲ್ಲ, ಕೀಂಯ್ ಅಂದ ಕೂಡಲೇ ಬಿಡುತ್ತಿದ್ದ.

ಈಗ ದರೆಯನ್ನು ಮೊದಲು ಪಿಕ್ಕಾಸಿನಲ್ಲಿ ಸಡಿಲ ಮಾಡಿ ಆಮೇಲೆ ತುಂಬುತ್ತೇವೆ. ಬಿಸಿಲಿನ ಎರಡು ಗಂಟೆ ಯಂತ್ರಕ್ಕೂ ನಮಗೂ ರಜೆ. ಸೆಗಣಿ ಕೆಲಸ ಇದ್ದ ವಾರ ಶನಿವಾರ ಎಣ್ಣೆ ಕೂಲರ್ ಬಿಚ್ಚಿ ನಡುವೆ ಗಾಳಿ ಹೊಡೆಯುತ್ತೇವೆ, ಉಳಿದ ವಾರ ಹಾಳೆ ಹಿಡಿದು ನೋಡಿದರೆ ಸಾಕು. ಬೆಳಿಗ್ಗೆ ಸ್ಟಾರ್ಟ್ ಮಾಡುವವರು ಕೀ ಒಂದು ಹಂತ ತಿರುಗಿಸಿ ಕೆಂಪು ಲೈಟ್ ಒಮ್ಮೆ ಹೊತ್ತಿ ಆರುವುದನ್ನು ನೋಡಬೇಕು, ಸೀಟಿನ ಹಿಂದಿನ ಪುಸ್ತಕದಲ್ಲಿ ಬರೆಯಬೇಕು. ರೇಡಿಯೇಟರಿಗೆ ಹಾಕಿದ ನೀರೆಷ್ಟು, ಎಣ್ಣೆ ಎಷ್ಟು, ಬಿಚ್ಚಿದ್ದು ಏನು, ಕತ್ತರಿಸಿದ್ದು ಏನು ಎಲ್ಲ. "ಕತ್ತರಿಸಿದ್ದು" ಅನ್ನುವ ಸಾಲು ಅಣ್ಣ ಸೇರಿಸಿದ್ದು.

ಪತ್ತನಾಜೆಗೆ ಎರಡು ದಿನ ಮೊದಲು ಭಾವನ ತೋಟದ ಮಣ್ಣು ಮುಗಿಯಿತು. ನನ್ನದು ಅರ್ಧ ಉಳಿಯಿತು, ಮಳೆ ಬಂತು. ಕೂಲರಿನ ಹೋಸ್ ಜಾಯಿಂಟ್ ಈಗಲೂ ಸ್ವಲ್ಪ ಒಸರುತ್ತಿದೆ. ಮಂಗಳೂರಿನಲ್ಲಿ ಹೊಸ ಹೋಸ್ ಒತ್ತಿಸಿಕೊಂಡು ಬರಬೇಕು, ಅಳತೆ ತೆಗೆದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.